ಮಿಂಚುಳ್ಳಿಯ ಕಣ್ಣು ಮಸುಕಾದದ್ದೇಕೆ?

ನೀರಿನ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿ ಮಿಂಚುಳ್ಳಿ ಕುಳಿತಿತ್ತು. ಟ್ರೈಪಾಡಿನ ಮೇಲೆ ಕ್ಯಾಮೆರಾ, ಅದಕ್ಕೆ 100–400 ಮಿ.ಮೀ. ಜೂಮ್ ಲೆನ್ಸ್. 400ರಲ್ಲಿ, ಅಂದರೆ ಹಕ್ಕಿ ಅತಿ ದೊಡ್ಡದಾಗಿ ಕಾಣುವ ತುದಿಯಲ್ಲಿ, ಅದರ ಕಣ್ಣಿಗೆ ಫೋಕಸ್ ಕೂರಿಸಿ ಆಟೊಫೋಕಸ್ ನಿಲ್ಲಿಸಿದೆ. ರೆಕಾರ್ಡಿಂಗ್ ಗುಂಡಿ ಒತ್ತಿ, ಇಡೀ ಕೊಳ ಕಾಣುವಂತೆ ಜೂಮ್ ಉಂಗುರವನ್ನು ನಿಧಾನವಾಗಿ ತಿರುಗಿಸುತ್ತ ಬಂದೆ. 250ರ ಆಸುಪಾಸಿನಲ್ಲಿ ಕಣ್ಣು ಮಸುಕಾಯಿತು, ಗರಿಗಳ ಅಂಚು ಕರಗಿತು. ಹಕ್ಕಿ ಕದಲಿರಲಿಲ್ಲ, ಕ್ಯಾಮೆರಾವೂ ಕದಲಿರಲಿಲ್ಲ. ಅದೇ ಲೆನ್ಸಿನಲ್ಲಿ ತೆಗೆದ ಸ್ಥಿರಚಿತ್ರಗಳಲ್ಲಿ ಗರಿಯ ಎಳೆಗಳನ್ನು ಎಣಿಸಬಹುದಿತ್ತು.

ಲೆನ್ಸ್ ಕೆಟ್ಟಿರಲಿಲ್ಲ. ಜೂಮ್ ಲೆನ್ಸಿನೊಳಗೆ ಗಾಜುಗಳು ಗುಂಪು ಗುಂಪಾಗಿರುತ್ತವೆ. ಒಂದು ಗುಂಪು ಹಿಂದೆ ಮುಂದೆ ಸರಿದು ಬಿಂಬದ ಗಾತ್ರವನ್ನು ಬದಲಿಸುತ್ತದೆ. ಹಾಗೆ ಸರಿಯುವಾಗ ಬಿಂಬ ಮೂಡುವ ಜಾಗವೂ, ಕ್ಯಾಮೆರಾದೊಳಗೆ ಬಿಂಬವನ್ನು ಹಿಡಿಯುವ ಸೆನ್ಸರನ್ನು ಬಿಟ್ಟು ಆಚೀಚೆ ಹೋಗುತ್ತದೆ. ಅದನ್ನು ಮರಳಿ ಸೆನ್ಸರಿನ ಮೇಲೆ ತರುವುದು ಇನ್ನೊಂದು ಗುಂಪಿನ ಕೆಲಸ. ಎರಡರ ನಡಿಗೆಯನ್ನೂ ಹೊಂದಿಸಲು ಲೆನ್ಸಿನ ಕೊಳವೆಯಲ್ಲಿ ವಕ್ರವಾದ ಜಾಡುಗಳನ್ನು ಕೊರೆದಿರುತ್ತಾರೆ. ಈ ಹೊಂದಾಣಿಕೆ ಉದ್ದಕ್ಕೂ ಕರಾರುವಾಕ್ಕಾಗಿದ್ದರೆ ಜೂಮ್ ಬದಲಾದರೂ ಫೋಕಸ್ ನಿಂತಲ್ಲೇ ನಿಲ್ಲುತ್ತದೆ. ಅಂಥ ಲೆನ್ಸಿಗೆ ಪಾರ್ಫೋಕಲ್ ಎಂದು ಹೆಸರು.

ಜೂಮ್ ಬೆಳೆದದ್ದು ಚಲಿಸುವ ಚಿತ್ರಗಳ ಮನೆಯಲ್ಲೇ. ಫ್ರಾಂಕ್ ಬ್ಯಾಕ್ 1940ರ ದಶಕದಲ್ಲಿ ರೂಪಿಸಿದ ಜೂಮಾರ್ ಲೆನ್ಸ್ ಮೊದಲು ಸಿನಿಮಾ ಮತ್ತು ಟೆಲಿವಿಷನ್ ಕ್ಯಾಮೆರಾಗಳಲ್ಲಿ ದುಡಿಯಿತು. ಸ್ಥಿರಚಿತ್ರದ ಕ್ಯಾಮೆರಾಕ್ಕೆ ಅದು 36–82 ಮಿ.ಮೀ. ರೂಪದಲ್ಲಿ ಬಂದದ್ದು 1959ರಲ್ಲಿ. ಮುಂದೆ ಆಟೊಫೋಕಸ್ ಬಂದ ಮೇಲೆ ಹಳೆಯ ಬಿಗಿ ಸಡಿಲವಾಯಿತು. ಪ್ರತಿ ಚಿತ್ರಕ್ಕೂ ಮುನ್ನ ಕ್ಯಾಮೆರಾ ಹೊಸದಾಗಿ ಫೋಕಸ್ ಮಾಡುವುದಾದರೆ ನಡುದಾರಿಯ ತಪ್ಪು ಯಾರಿಗೆ ಕಾಣಬೇಕು? ಆದರೆ ವಿಡಿಯೊದಲ್ಲಿ ನಡುದಾರಿಯೂ ಚಿತ್ರವೇ. ಈಚಿನ ಹಲವು ಲೆನ್ಸ್‌ಗಳಲ್ಲಿ ಜೂಮಿನ ಜೊತೆಜೊತೆಗೆ ಮೋಟಾರು ಫೋಕಸ್ ಗುಂಪನ್ನೂ ಸರಿಸಿ ಈ ತಪ್ಪನ್ನು ತಿದ್ದುತ್ತದೆ. ಉಂಗುರವನ್ನು ನಿಧಾನವಾಗಿ ತಿರುಗಿಸಿದರೆ ಆ ತಿದ್ದುಪಡಿ ಕಣ್ಣಿಗೆ ಬೀಳುವುದಿಲ್ಲ. ಬಿರುಸಾಗಿ ತಿರುಗಿಸಿದರೆ ಮೋಟಾರು ಹಿಂದುಳಿಯುವುದು ಕಾಣುತ್ತದೆ. ಆದ್ದರಿಂದ ಕೊಳ್ಳುವ ಮೊದಲು ದೂರದ ಒಂದು ಫಲಕದ ಅಕ್ಷರಗಳಿಗೆ ಫೋಕಸ್ ಮಾಡಿ, ಎರಡೂ ವೇಗದಲ್ಲಿ ಜೂಮ್ ಮಾಡುತ್ತ ರೆಕಾರ್ಡ್ ಮಾಡಿ ನೋಡಬೇಕು. ಲೆನ್ಸ್ ಎಷ್ಟು ಹರಿತ ಎಂಬ ಪಟ್ಟಿಗಳಿಗಿಂತ ಈ ಅರ್ಧ ನಿಮಿಷದ ತುಣುಕನ್ನೇ ನಾನು ಹೆಚ್ಚು ನಂಬುತ್ತೇನೆ. ಹೇಗೂ 4ಕೆ ವಿಡಿಯೊದ ಒಂದು ಚೌಕಟ್ಟಿನಲ್ಲಿರುವುದು ಸುಮಾರು 83 ಲಕ್ಷ ಬಿಂದುಗಳು (ಪಿಕ್ಸೆಲ್‌ಗಳು). ಅಷ್ಟನ್ನು ತುಂಬುವ ಹರಿತ ಸಾಧಾರಣ ಲೆನ್ಸಿಗೂ ಇರುತ್ತದೆ.

ಇನ್ನೊಂದು ದೋಷವನ್ನು ಲೆನ್ಸಿನ ಉಸಿರಾಟ ಎನ್ನುತ್ತಾರೆ. ಹತ್ತಿರದ ಎಲೆಯಿಂದ ದೂರದ ಹಕ್ಕಿಗೆ ಫೋಕಸ್ ಸರಿಸಿದಾಗ ಇಡೀ ದೃಶ್ಯ ತುಸು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಎದೆ ಏರಿಳಿದ ಹಾಗೆ. ಒಳಗಿನ ಗಾಜುಗಳನ್ನಷ್ಟೇ ಸರಿಸಿ ಫೋಕಸ್ ಮಾಡುವ ಲೆನ್ಸ್‌ಗಳಲ್ಲಿ ಹತ್ತಿರದ ವಸ್ತುವಿಗೆ ಬಂದಾಗ ಸಂಗಮದೂರವೇ (ಲೆನ್ಸಿನ ಮೇಲೆ ಮಿ.ಮೀ.ಗಳಲ್ಲಿ ಬರೆದಿರುವ ಅಳತೆ) ಕಡಿಮೆಯಾಗುವುದು ಇದಕ್ಕೆ ಕಾರಣ. ಸ್ಥಿರಚಿತ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ. ಕೆಲವು ಕ್ಯಾಮೆರಾಗಳು ಅಂಚುಗಳನ್ನು ಕತ್ತರಿಸಿ ಇದನ್ನು ಸರಿದೂಗಿಸುತ್ತವೆ.

ಇನ್ನು ನಡುಕ. ಒಂದು ಲೆಕ್ಕ ಮಾಡೋಣ. ಕೈ ಅದುರಿ ಕ್ಯಾಮೆರಾ ಬರೀ 0.1 ಡಿಗ್ರಿಯಷ್ಟು ವಾಲಿತು ಎನ್ನಿ. 24 ಮಿ.ಮೀ. ಲೆನ್ಸಿನಲ್ಲಿ ಬಿಂಬ ಸೆನ್ಸರಿನ ಮೇಲೆ 0.04 ಮಿ.ಮೀ. ಸರಿಯುತ್ತದೆ, 36 ಮಿ.ಮೀ. ಅಗಲದ ಸೆನ್ಸರಿನಲ್ಲಿ 4ಕೆ ಚಿತ್ರದ ನಾಲ್ಕೈದು ಬಿಂದುಗಳಷ್ಟು. 400 ಮಿ.ಮೀ. ಲೆನ್ಸಿನಲ್ಲಾದರೆ ಅದೇ ವಾಲುವಿಕೆಗೆ ಬಿಂಬ 0.7 ಮಿ.ಮೀ. ಸರಿಯುತ್ತದೆ, ಅಂದರೆ ಸುಮಾರು 75 ಬಿಂದುಗಳು. ಸಂಗಮದೂರ ಹೆಚ್ಚಿದಷ್ಟೂ ಸೆನ್ಸರನ್ನು ಅಲುಗಿಸಿ ನಡುಕ ತಡೆಯುವ ಕ್ಯಾಮೆರಾ ಸೋಲುತ್ತ ಹೋಗುತ್ತದೆ, ಏಕೆಂದರೆ ಸೆನ್ಸರಿಗೆ ಓಡಾಡಲು ಇರುವ ಜಾಗ ಅಲ್ಪ. ಆದ್ದರಿಂದ ನಡುಕ ತಡೆಯುವ ಗಾಜು ಲೆನ್ಸಿನೊಳಗೇ ಇರಬೇಕು. ಅದನ್ನೂ ಚಲನೆಯಲ್ಲೇ ಪರೀಕ್ಷಿಸಬೇಕು. ಹಾರುವ ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸಿದಾಗ ಕೆಲವು ಲೆನ್ಸ್‌ಗಳು ಅದನ್ನೂ ನಡುಕವೆಂದೇ ತಿಳಿದು ಹಿಡಿದಿಟ್ಟು, ಆಮೇಲೆ ತಟ್ಟನೆ ಬಿಟ್ಟುಬಿಡುತ್ತವೆ. ಟ್ರೈಪಾಡಿನ ಮೇಲೆ ಫ್ಲೂಯಿಡ್ ಹೆಡ್ (ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ತಲೆ) ಇದ್ದರೆ ನಾನು ನಡುಕ ತಡೆಯುವ ಸೌಲಭ್ಯವನ್ನು ನಿಲ್ಲಿಸಿಯೇ ಇಡುತ್ತೇನೆ.

ಬೆಳಕಿನ ವಿಷಯ ಚಿಕ್ಕದು, ಆದರೆ ಕಾಡುವಂಥದು. ಅಪರ್ಚರ್ (ಬೆಳಕು ಒಳಬರುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್ 4.5ರಿಂದ 5.6ಕ್ಕೆ ಬದಲಾಗುವ ಲೆನ್ಸಿನಲ್ಲಿ ಜೂಮ್ ಮಾಡುತ್ತ ಹೋದರೆ ಬೆಳಕು ಮೂರನೇ ಒಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ, ದೃಶ್ಯ ನಡುವಿನಲ್ಲಿ ಕಪ್ಪಿಡುತ್ತದೆ. ಮೊದಲಿನಿಂದಲೇ 5.6ರಲ್ಲಿ ಇಟ್ಟುಕೊಂಡರೆ ಈ ತಾಪತ್ರಯ ಇಲ್ಲ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಲು ಶಟರ್ ವೇಗ (ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡಿನ ಸುತ್ತಮುತ್ತ ಇರಬೇಕು. ಬಿಸಿಲಿನಲ್ಲಿ ಅಷ್ಟು ಹೊತ್ತಿಗೆ ಬೆಳಕು ಅತಿಯಾಗುತ್ತದೆ, ಹೀಗಾಗಿ ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಕಳಪೆ ಫಿಲ್ಟರಿನ ಗಾಜಿನ ಉಬ್ಬುತಗ್ಗು ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸಿನಲ್ಲಿ ಎದ್ದು ಕಾಣುತ್ತದೆ. ಇಲ್ಲಿ ಹಣ ಉಳಿಸಬೇಡಿ.

ದೊಡ್ಡ ಸಂಖ್ಯೆಯ ಮೋಹವನ್ನು ಬಿಡಿಸಿದ್ದು ಮಾತ್ರ ಗಾಳಿ. ಕಾದ ನೆಲದ ಮೇಲೆ ಬಿಸಿ ಗಾಳಿ, ತಂಪು ಗಾಳಿ ಕಲೆಯುತ್ತ ಬೆಳಕನ್ನು ಕ್ಷಣಕ್ಷಣಕ್ಕೂ ಬೇರೆ ಬೇರೆಯಾಗಿ ಬಾಗಿಸುತ್ತವೆ. 600 ಮಿ.ಮೀ. ಲೆನ್ಸ್ ಹಕ್ಕಿಯ ಜೊತೆಗೆ ಈ ಕುದಿತವನ್ನೂ ಹಿಗ್ಗಿಸುತ್ತದೆ. ಸ್ಥಿರಚಿತ್ರದಲ್ಲಿ ಹತ್ತರಲ್ಲಿ ಒಂದು ಚೆನ್ನಾಗಿ ಬಂದರೆ ಸಾಕು, ವಿಡಿಯೊದಲ್ಲಿ ಹತ್ತೂ ಕಾಣುತ್ತವೆ. ಅದಕ್ಕೇ ಮೊದಲ ಟೆಲಿಫೋಟೊ ಜೂಮ್ ಕೊಳ್ಳುವವರಿಗೆ ನಾನು ಹೇಳುವುದು ಅಪರ್ಚರ್ ಬದಲಾಗದ 70–200 ಮಿ.ಮೀ. ಲೆನ್ಸನ್ನು. ಜೂಮ್ ಮಾಡಿದಾಗ ಉದ್ದವಾಗದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು, ಟ್ರೈಪಾಡಿನ ಮೇಲೆ ತೂಕದ ಸಮತೋಲ ಕೆಡುವುದಿಲ್ಲ. ಸೆನ್ಸರಿನ ಅಗಲದಲ್ಲಿ 6000 ಬಿಂದುಗಳಿರುವ ಕ್ಯಾಮೆರಾ ನಡುವಿನ 4000 ಬಿಂದುಗಳಿಂದಲೇ 4ಕೆ ತೆಗೆಯಬಲ್ಲದಾದರೆ, 200 ಮಿ.ಮೀ. ಲೆನ್ಸ್ 300ರಷ್ಟು ಹತ್ತಿರ ತೋರಿಸುತ್ತದೆ.

ಆ ಮಿಂಚುಳ್ಳಿಯನ್ನು ಮರುದಿನ ನಸುಕಿನಲ್ಲಿ, ನೀರು ಇನ್ನೂ ತಣ್ಣಗಿದ್ದಾಗ, ಜೊಂಡಿನ ಮರೆಯಲ್ಲಿ ಹತ್ತಿರ ಕುಳಿತು 200ರಲ್ಲಿ ಚಿತ್ರೀಕರಿಸಿದೆ. ಜೂಮ್ ಉಂಗುರವನ್ನು ಮುಟ್ಟಲಿಲ್ಲ. ಅದು ಧುಮುಕಿ ಮೀನು ಹಿಡಿದು ಮತ್ತೆ ಕೊಂಬೆಗೆ ಬಂದು ಕೂರುವವರೆಗೂ ಕಣ್ಣಿನ ಮಿಂಚು ಚೌಕಟ್ಟಿನಲ್ಲಿತ್ತು.