ಕೆರೆ ಪಕ್ಕದಲ್ಲೇ ಇತ್ತು, ನಾವು ಜೆರಾಕ್ಸ್ ಅಂಗಡಿಗೆ ಹೋದೆವು

ಡಿಗ್ರಿಯಲ್ಲಿ ನಮಗೊಂದು ಪೇಪರ್ ಇತ್ತು, ಪರಿಸರ ಅಧ್ಯಯನ. ಪೂರ್ತಿ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಇವಿಎಸ್ ಅಷ್ಟೇ. ಓಜೋನ್ ಪದರ, ಆಹಾರ ಸರಪಳಿ, ಚಿಪ್ಕೋ, ಈ ಮೂರು ಓದಿಕೊಂಡರೆ ದಡ ಸೇರಬಹುದು ಅಂತ ಸೀನಿಯರ್‌ಗಳು ಹೇಳಿದ್ದರು. ಸೇರಿದೆವು. ಜೊತೆಗೆ ಒಂದು ರಿಪೋರ್ಟ್ ಕೊಡಬೇಕಿತ್ತು. ಅದಕ್ಕೆ ಜೆರಾಕ್ಸ್ ಅಂಗಡಿಯವನ ಹತ್ತಿರ ಹಿಂದಿನ ವರ್ಷದ್ದು ರೆಡಿ ಇರುತ್ತಿತ್ತು, ಮೊದಲ ಪುಟ ಬದಲಾಯಿಸಿ ಬೈಂಡಿಂಗ್ ಮಾಡಿಸಿದರೆ ಆಯಿತು.

ಈ ಪೇಪರ್ ನಮ್ಮ ತಲೆಗೆ ಬಂದಿದ್ದು ಶಿಕ್ಷಣ ಇಲಾಖೆಯಿಂದಲ್ಲ, ಕೋರ್ಟಿನಿಂದ ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಕಥೆ 1972ರಿಂದ ಶುರು ಮಾಡಬೇಕು. ಆ ವರ್ಷ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆ ಪರಿಸರದ ಬಗ್ಗೆ ದೊಡ್ಡ ಸಮಾವೇಶ ನಡೆಸಿತು, ಇಂದಿರಾ ಗಾಂಧಿ ಹೋಗಿ ಮಾತಾಡಿ ಬಂದರು. 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು, ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. 1976ರ 42ನೇ ತಿದ್ದುಪಡಿ ಸಂವಿಧಾನದೊಳಗೇ ಎರಡು ಮಾತು ಸೇರಿಸಿತು: ಪರಿಸರ ಕಾಯೋದು ಸರ್ಕಾರದ ಕೆಲಸ (48ಎ), ಪ್ರಜೆಯ ಕರ್ತವ್ಯ ಕೂಡ (51ಎ). 1981ರಲ್ಲಿ ವಾಯುಮಾಲಿನ್ಯ ಕಾಯ್ದೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿಯೇ ಇತ್ತು. 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲದಲ್ಲಿ ಕಾರ್ಖಾನೆಯ ವಿಷಾನಿಲ ಸೋರಿ ಮಲಗಿದ್ದ ಸಾವಿರಾರು ಜನ ಸತ್ತರು. ಆಮೇಲೆ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ.

ಈ ಹೊತ್ತಿಗೆ ವಕೀಲ ಎಂ.ಸಿ. ಮೆಹ್ತಾ ಗಂಗಾ ನದಿ, ದೆಹಲಿಯ ಕಾರ್ಖಾನೆಯ ಅನಿಲ ಸೋರಿಕೆ ಅಂತ ಒಂದಾದ ಮೇಲೊಂದು ಕೇಸು ಹಾಕುತ್ತಿದ್ದರು. ಅವರದ್ದೇ ಇನ್ನೊಂದು ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಆದೇಶ ಕೊಟ್ಟಿತು. ಕೋರ್ಟಿನ ವಾದ ಸರಳ: ಮಾಲಿನ್ಯದಿಂದ ಏನಾಗುತ್ತೆ ಅಂತ ಜನಕ್ಕೇ ಗೊತ್ತಿಲ್ಲದಿದ್ದರೆ ಕಾನೂನು ಜಾರಿ ಆಗೋದು ಹೇಗೆ? ಅದಕ್ಕೇ ಸಿನಿಮಾ ಟಾಕೀಸುಗಳು ಪ್ರತಿ ಶೋನಲ್ಲಿ ಕನಿಷ್ಠ ಎರಡು ಸ್ಲೈಡ್ ಪುಕ್ಕಟೆ ತೋರಿಸಬೇಕು, ರೇಡಿಯೋ ಟಿವಿಯಲ್ಲಿ ಹೇಳಬೇಕು, ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕು. ರಾಜ್ಯಗಳು ಎಂದಿನಂತೆ ಕೈಕಟ್ಟಿ ಕುಳಿತವು. ಮೆಹ್ತಾ ಮತ್ತೆ ಕೋರ್ಟಿಗೆ ಹೋದರು. 2003ರ ಡಿಸೆಂಬರಿನಲ್ಲಿ ಕೋರ್ಟ್ ಇನ್ನಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಶಾಲೆಗಳಲ್ಲಿ ಚುರುಕಾಯಿತು. ಡಿಗ್ರಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಆರು ತಿಂಗಳ ಪಠ್ಯಕ್ರಮ ಮಾಡಿತು.

ಆ ಪಠ್ಯಕ್ರಮ ಈಗ ತೆಗೆದು ನೋಡಿದರೆ ನಗು ಬರುತ್ತೆ, ಸ್ವಲ್ಪ ನಾಚಿಕೆ ಕೂಡ. ನೂರು ಅಂಕದಲ್ಲಿ 25 ಹೊರಗೆ ಹೋಗಿ ಮಾಡುವ ಕೆಲಸಕ್ಕೆ. ಹತ್ತಿರದ ಮಲಿನ ಜಾಗ ನೋಡಿ ಬನ್ನಿ, ಒಂದು ಕೊಳವನ್ನೋ ನದಿಯನ್ನೋ ನೋಡಿ ಬರೆಯಿರಿ ಅಂತ ಅದರಲ್ಲೇ ಇದೆ. ಮೈಸೂರಿನಲ್ಲಿ ಇದಕ್ಕೆ ಬಸ್ ಹತ್ತೋದೂ ಬೇಡ, ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಹೊಲಗದ್ದೆಗೆ ನೀರುಣಿಸೋಕೆ ಕಟ್ಟಿಸಿದ್ದು. ಈಗ ಅದಕ್ಕೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯೇ ನೆರೆ. ಬೆಳಗ್ಗೆ ಏರಿ ಮೇಲೆ ಅರ್ಧ ಮೈಸೂರೇ ವಾಕಿಂಗ್ ಮಾಡುತ್ತೆ, ಶುಗರ್, ಬಿಪಿ, ಸೈಟು, ಮಗನ ವೀಸಾ ಎಲ್ಲ ಮಾತಾಡುತ್ತೆ.

ಹಿಂದೆ ಕೆರೆಗೆ ಪೂರ್ಣಯ್ಯ ನಾಲೆಯ ನೀರು ಬರುತ್ತಿತ್ತು. ಊರು ಬೆಳೆದಂತೆ ನಾಲೆ ಅಲ್ಲಲ್ಲಿ ಮುಚ್ಚಿತು, ನೀರಿನ ದಾರಿಯಲ್ಲಿ ಮನೆಗಳೆದ್ದವು, ಮಳೆನೀರಿನ ಜೊತೆ ಬಚ್ಚಲು ನೀರೂ ಸೇರಿತು. ಯುಜಿಡಿ ಲೈನ್, ಅಂದರೆ ನೆಲದಡಿಯ ಒಳಚರಂಡಿ, ಕಟ್ಟಿಕೊಂಡರೆ ಮ್ಯಾನ್‌ಹೋಲ್ ಉಕ್ಕುತ್ತೆ, ಉಕ್ಕಿದ್ದು ಮಳೆನೀರಿನ ಚರಂಡಿಗೆ ಇಳಿಯುತ್ತೆ, ಚರಂಡಿ ಕೆರೆಗೆ. ಸೋಪು, ಮಲಮೂತ್ರದಲ್ಲಿರೋ ರಂಜಕ ಸಾರಜನಕ ಪಾಚಿಗೆ ಒಳ್ಳೆ ಗೊಬ್ಬರ. ಹಗಲೆಲ್ಲ ಪಾಚಿ ಆಮ್ಲಜನಕ ಬಿಡುತ್ತೆ, ರಾತ್ರಿ ಅದೂ ಉಸಿರಾಡಬೇಕಲ್ಲ, ಇದ್ದದ್ದನ್ನೂ ಎಳೆದುಕೊಳ್ಳುತ್ತೆ. ಇಂಥ ಕೆರೆಗಳಲ್ಲಿ ಬೆಳಗಿನ ಜಾವ ಮೀನು ಸಾಯೋದು ಅದಕ್ಕೇ. ಯಾರೋ ವಿಷ ಹಾಕಿದರು ಅಂತ ಸುಮ್ನೆ ಗುಲ್ಲೆಬ್ಬಿಸುತ್ತೇವೆ.

ಕಾನೂನು ಇಲ್ಲಿ ತಡವರಿಸುತ್ತೆ. ಕಾರ್ಖಾನೆಗಾದರೆ ಒಂದು ಪೈಪು, ಒಬ್ಬ ಮಾಲೀಕ, ಒಂದು ನೋಟಿಸು. ಸಾವಿರ ಬಚ್ಚಲಿಗೆ ಯಾರಿಗೆ ನೋಟಿಸು ಕೊಡೋದು? ನಗರದ ಆಡಳಿತಕ್ಕೆ ಕೊಡಬಹುದು, ಆದರೆ ದಂಡ ಕಟ್ಟೋದು ನಮ್ಮ ತೆರಿಗೆ ದುಡ್ಡಲ್ಲೇ ಅಲ್ವಾ, ಸರ್ಕಾರದ ಒಂದು ಜೇಬಿಂದ ಇನ್ನೊಂದು ಜೇಬಿಗೆ. ಕೆರೆಗಳಿಗೇ ಅಂತ 2014ರಲ್ಲಿ ಕಾಯ್ದೆ ಮಾಡಿ ಪ್ರಾಧಿಕಾರ ಕಟ್ಟಿದರು, 2018ರಲ್ಲಿ ಅದನ್ನೂ ಮುಚ್ಚಿದರು. 1986ರ ಕಾಯ್ದೆಯಲ್ಲಿ ತಪ್ಪು ಮಾಡಿದವನಿಗೆ ಐದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇತ್ತು. 2023ರ ತಿದ್ದುಪಡಿಯಲ್ಲಿ ಜೈಲು ಬಹುಪಾಲು ಹೋಯಿತು, ದಂಡ 10 ಸಾವಿರದಿಂದ 15 ಲಕ್ಷ ಆಯಿತು. ವಾಸ್ತವದಲ್ಲಿ ಇದೇ ಜಾಸ್ತಿ ಕೆಲಸ ಮಾಡೀತು ಅನ್ನುವವರಿದ್ದಾರೆ. ದುಡ್ಡಿದ್ದವನಿಗೆ ಅದು ಬರೀ ಒಂದು ಖರ್ಚು ಅಂತ ನನಗನಿಸುತ್ತೆ.

ಮೊನ್ನೆ ಅಕ್ಕನ ಮಗಳು ಮೆಸೇಜ್ ಮಾಡಿದಳು: ‘ಮಾವ, ನಿನ್ನ ಹಳೇ ಇವಿಎಸ್ ರಿಪೋರ್ಟ್ ಇದ್ಯಾ?’ ಇಲ್ಲ, ಭಾನುವಾರ ಬೆಳಗ್ಗೆ ಆರೂವರೆಗೆ ಕೆರೆ ಗೇಟಿಗೆ ಬಾ ಅಂದೆ. ಗೊಣಗಿಕೊಂಡೇ ಫ್ರೆಂಡ್ ಜೊತೆ ಬಂದಳು. ಟಿಫನ್ ಬಾಕ್ಸಿನ ಮುಚ್ಚಳಕ್ಕೆ ಬಿಳಿ, ಕಪ್ಪು ಪೇಂಟ್ ಬಳಿದು, ತೂತು ಮಾಡಿ ಹಗ್ಗ ಕಟ್ಟಿ ತಂದಿದ್ದೆ. ನೀರಿಗೆ ಇಳಿಬಿಡೋದು, ಕಣ್ಣಿಗೆ ಕಾಣದಾದ ಕಡೆ ಹಗ್ಗದ ಮೇಲೆ ಗುರುತು ಹಾಕೋದು, ಅಷ್ಟೇ ವಿಜ್ಞಾನ. ಒಂದು ಕಡೆ ಮೊಣಕೈ ಆಳದವರೆಗೂ ಕಂಡಿತು. ಚರಂಡಿ ಸೇರೋ ಮೂಲೆಯಲ್ಲಿ, ಶಾಂಪೂ ಸ್ಯಾಷೆ ತೇಲುತ್ತಿದ್ದ ಕಡೆ, ಒಂದು ಗೇಣಿಗೇ ಮಾಯ. ಇಬ್ಬರೂ ಮೂಗು ಮುಚ್ಚಿಕೊಂಡು ಇನ್ನೊಮ್ಮೆ ಇಳಿಬಿಟ್ಟು ನೋಡಿದರು. ಅಷ್ಟೇ.

‘ಮಾವ, ಗೇಣು ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?’

ಸ್ಕೇಲ್ ತರೋದು ಇಬ್ಬರೂ ಮರೆತಿದ್ದರು, ನಾನೂ.