ಜಿಪ್ ಇಲ್ಲದ ಸೋಫಾ ಬೇಡ

ಕಳೆದ ಮಳೆಗಾಲದಲ್ಲಿ ಇಂದಿರಾನಗರದ ಒಂದು ಫ್ಲ್ಯಾಟ್‌ಗೆ ಹೋಗಿದ್ದೆ. ಮಾಲೀಕರು ಅದನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಹದಿನಾಲ್ಕು ತಿಂಗಳ ಹಿಂದೆ ಕೊಂಡ ಕೆನೆಬಣ್ಣದ ಸೋಫಾ, ತಲೆ ಒರಗಿಸುವ ಜಾಗದಲ್ಲಿ ಹಾವಿನ ಪೊರೆಯ ಹಾಗೆ ಸುಲಿದಿತ್ತು. ನಡುವಿನ ಆಸನ ಗುಳಿಬಿದ್ದಿತ್ತು. "ಮೇಲೊಂದು ಬೆಡ್‌ಶೀಟ್ ಹೊದಿಸಿ ದಿನ ತಳ್ಳುತ್ತಿದ್ದೇನೆ ಸಾರ್" ಎಂದರು. ಒಳಗಿನ ಫೋಮ್ ನೋಡೋಣವೆಂದು ಕೈ ಹಾಕಿದರೆ ಎಲ್ಲಿಯೂ ಜಿಪ್ ಇಲ್ಲ. ಬಟ್ಟೆಯನ್ನು ಅಡಿಯ ಹಲಗೆಗೆ ಪಿನ್ ಹೊಡೆದು ಮುಚ್ಚಿಬಿಟ್ಟಿದ್ದರು. ಒಂದು ಆಸನ ಸರಿಮಾಡಲು ಇಡೀ ಸೋಫಾವನ್ನೇ ಅಂಗಡಿಗೆ ಸಾಗಿಸಬೇಕಾಯಿತು. ಅಷ್ಟು ದಿನ ಮನೆ ಖಾಲಿ.

ಇಪ್ಪತ್ತೆರಡು ವರ್ಷಗಳಿಂದ ಸೋಫಾ ಕಟ್ಟುವ ಕೆಲಸದಲ್ಲಿದ್ದೇನೆ. ಬಾಡಿಗೆ ಮನೆಗೆ ಸೋಫಾ ಕೊಳ್ಳುವವರಿಗೆ ನಾನು ಮೊದಲು ಕೇಳುವುದು ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ. ಒಬ್ಬ ಅತಿಥಿ ಬೆಳಿಗ್ಗೆ 11ಕ್ಕೆ ಹೊರಟು, ಮತ್ತೊಬ್ಬರು ಮಧ್ಯಾಹ್ನ 2ಕ್ಕೆ ಬರುತ್ತಾರೆ. ನಡುವಿನ ಮೂರು ಗಂಟೆಯಲ್ಲಿ, ಸಾಂಬಾರು ಚೆಲ್ಲಿದ ಆಸನವನ್ನು ನಿಮ್ಮ ಕೆಲಸದವರೇ ಬಿಚ್ಚಿ ಬದಲಿಸಬಲ್ಲರೇ? ಉತ್ತರ 'ಇಲ್ಲ' ಎಂದಾದರೆ ಆ ಸೋಫಾ ಎಷ್ಟೇ ಗಟ್ಟಿಯಾಗಿರಲಿ, ಈ ಉದ್ಯೋಗಕ್ಕೆ ಹೊಂದುವುದಿಲ್ಲ.

ಹಾಗಾಗಿ ಮೂರು ಆಸನಗಳೂ ಒಂದೇ ಅಳತೆಯವಾಗಿರಲಿ. ಎಲ್-ಆಕಾರದ ಸೋಫಾದಲ್ಲಿ ಒಂದೊಂದು ಕುಶನ್ ಒಂದೊಂದು ಅಳತೆ, ಅದು ತಲೆನೋವು. ಅಳತೆ ಒಂದೇ ಇದ್ದರೆ ಕಪಾಟಿನಲ್ಲಿ ಒಂದು ಹೆಚ್ಚುವರಿ ಕುಶನ್, ಎರಡು ಜೊತೆ ಕವರ್ ಇಟ್ಟರೆ ಸಾಕು. ಟಿವಿಯ ಎದುರಿನ ಆಸನವೇ ಮೊದಲು ಸವೆಯುವುದು. ತಿಂಗಳಿಗೊಮ್ಮೆ ಸ್ಥಾನ ಬದಲಿಸಿ, ಮಗುಚಿ ಹಾಕಿದರೆ ಮೂರೂ ಒಟ್ಟಿಗೆ ಹಳತಾಗುತ್ತವೆ. ಹೆಚ್ಚುವರಿ ಕವರಿನ ಬಟ್ಟೆಯನ್ನು ಮೊದಲ ದಿನವೇ ಅದೇ ಥಾನಿನಿಂದ ಕತ್ತರಿಸಿಕೊಳ್ಳಿ. ಆರು ತಿಂಗಳ ನಂತರ ಅದೇ ಹೆಸರಿನ ಬಟ್ಟೆ ಸಿಕ್ಕಿದರೂ ಬಣ್ಣದಲ್ಲಿ ಒಂದು ಎಳೆ ವ್ಯತ್ಯಾಸ ಇದ್ದೇ ಇರುತ್ತದೆ.

ಫೋಮ್ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ಕೈಯಿಂದ ಒತ್ತಿ 'ಗಟ್ಟಿಯಾಗಿದೆ' ಎನ್ನುತ್ತಾರೆ. ಗಟ್ಟಿತನ ಬೇರೆ, ಡೆನ್ಸಿಟಿ ಬೇರೆ. 40 ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ 40 ಕಿಲೋ. ಇದನ್ನು ಅಂಗಡಿಯವರ ಮಾತಿನ ಮೇಲೆ ನಂಬಬೇಕಾಗಿಲ್ಲ, ಅಡುಗೆಮನೆಯ ತಕ್ಕಡಿ ಸಾಕು. 24 ಇಂಚು ಉದ್ದ, 24 ಇಂಚು ಅಗಲ, 5 ಇಂಚು ದಪ್ಪದ ಫೋಮ್ 40 ಡೆನ್ಸಿಟಿಯದಾದರೆ ಸುಮಾರು 1.9 ಕಿಲೋ, 32ರದಾದರೆ ಸುಮಾರು 1.5 ಕಿಲೋ ತೂಗಬೇಕು. ಒಂದು ಕಿಲೋಗಿಂತ ಕಡಿಮೆ ಬಂದರೆ ವಾಪಸು ಕೊಡಿ. ತೂಕ ಅತಿಯಾಗಿ ಬಂದರೂ ಜಿಪ್ ತೆರೆದು ನೋಡಿ: ಬಣ್ಣಬಣ್ಣದ ಚೂರುಗಳನ್ನು ಒತ್ತಿ ಮಾಡಿದ ಫೋಮ್ ಭಾರವಿರುತ್ತದೆ, ಆದರೆ ಕಲ್ಲಿನ ಮೇಲೆ ಕೂತ ಹಾಗಾಗುತ್ತದೆ. ನಾನು ಬಾಡಿಗೆ ಮನೆಗಳಿಗೆ 40ಕ್ಕಿಂತ ಕಡಿಮೆ ಹಾಕುವುದಿಲ್ಲ. ಅತಿಥಿಗಳು ಸೋಫಾದಲ್ಲಿ ಕೂರುವುದಷ್ಟೇ ಅಲ್ಲ, ಮಲಗುತ್ತಾರೆ, ಸೂಟ್‌ಕೇಸ್ ಇಡುತ್ತಾರೆ, ಮಕ್ಕಳು ಕುಣಿಯುತ್ತಾರೆ. ಅದು ತಪ್ಪೂ ಅಲ್ಲ, ರಜೆಗೆ ಬಂದವರು ಅವರು.

ಇನ್ನು ಮೇಲುಹೊದಿಕೆ. ಒರೆಸಿದರೆ ಸಾಕು ಎಂದು ಅನೇಕರು ಕೃತಕ ಚರ್ಮಕ್ಕೆ ಮನಸೋಲುತ್ತಾರೆ. ಅಗ್ಗದ ಪಿಯು (ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಲೇಪಿಸಿದ) ಚರ್ಮದ ಮೇಲ್ಪದರ ಗಾಳಿಯ ತೇವಕ್ಕೇ ಒಳಗಿಂದ ಶಿಥಿಲವಾಗುತ್ತದೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೇರಿದರೆ ಇನ್ನೂ ಬೇಗ. ಬೆಂಗಳೂರಿನಲ್ಲೇ ಹೀಗಾದರೆ, ಸಕಲೇಶಪುರ, ಮಡಿಕೇರಿಯ ಹೋಂಸ್ಟೇಗಳ ಮಳೆಗಾಲದಲ್ಲಿ ಅದರ ಗತಿ ಹೇಳಬೇಕಾಗಿಲ್ಲ. ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆ ಎಷ್ಟೋ ಮೇಲು. ಬಟ್ಟೆಯ ಮಾದರಿ ಪುಸ್ತಕದ ಹಿಂಬದಿಯಲ್ಲಿ ಮಾರ್ಟಿಂಡೇಲ್ ಎಂಬ ಸಂಖ್ಯೆ ಇರುತ್ತದೆ. ಎಷ್ಟು ಸುತ್ತು ಉಜ್ಜಿದ ಮೇಲೆ ನೂಲು ಕಡಿಯುತ್ತದೆ ಎಂಬ ಲೆಕ್ಕ ಅದು. ಸ್ವಂತ ಮನೆಗೆ 20,000 ಸಾಕು, ಬಾಡಿಗೆ ಮನೆಗೆ 40,000 ಕೇಳಿ. ಕುಣಿಕೆ ಎದ್ದ ನೇಯ್ಗೆ ಬೇಡ, ಬಳೆ, ಗೆಜ್ಜೆ, ಬ್ಯಾಗಿನ ಜಿಪ್ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಬಣ್ಣ ಬೂದು, ಪಾಚಿ, ಇಟ್ಟಿಗೆ, ಏನಾದರೂ ಇರಲಿ, ಎರಡು ಬಣ್ಣದ ನೂಲು ಬೆರೆತ ಬಟ್ಟೆ ಕಲೆಯನ್ನು ಚೆನ್ನಾಗಿ ಮರೆಸುತ್ತದೆ. ಅರಿಶಿನದ ಕಲೆ ಬಿದ್ದರೆ ಕವರ್ ತೊಳೆದು ಬಿಸಿಲಿಗೆ ಹಾಕಿ, ಆ ಹಳದಿ ಬೆಳಕಿಗೆ ಮಾಸುವಂಥದ್ದು.

ಚೌಕಟ್ಟನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಮುಂದಿನ ಒಂದು ಮೂಲೆಯನ್ನು ಹಿಡಿದು ಅರ್ಧ ಅಡಿ ಎತ್ತಿ. ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಚೌಕಟ್ಟು ತಿರುಚುತ್ತಿದೆ ಎಂದರ್ಥ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಮರ ಆರಿಸಿ ಬಡಗಿಯಿಂದ ಮಾಡಿಸುವವರಿಗೆ ನನ್ನ ಮಾತು ಒಂದೇ: ಚೆನ್ನಾಗಿ ಒಣಗಿದ ಮರ. ಹಸಿಮರದ ಕೂಡಿಕೆ ಒಂದೇ ಬೇಸಿಗೆಗೆ ಸಡಿಲವಾಗುತ್ತದೆ. ಪ್ಲೈವುಡ್ ಬಳಸಿದರೆ ಐಎಸ್ 303 ಎಂಬ ಭಾರತೀಯ ಮಾನದಂಡದ ಬಿಡಬ್ಲ್ಯುಆರ್ (ಕುದಿಯುವ ನೀರನ್ನು ತಡೆಯುವ) ದರ್ಜೆಯ ಮುದ್ರೆ ನೋಡಿ. ಕಾಲು ಆರು ಇಂಚಾದರೂ ಎತ್ತರವಿರಲಿ, ಪೊರಕೆ ಒಳಗೆ ಹೋಗದಿದ್ದರೆ ಚಿಪ್ಸಿನ ಚೂರಿಗೆ ಜಿರಲೆ ಬರುತ್ತದೆ.

ರಾತ್ರಿ ಹೆಚ್ಚುವರಿ ಜನ ಮಲಗಲೆಂದು ಸೋಫಾ ಕಮ್ ಬೆಡ್ ಬೇಕೆನ್ನುವವರಿದ್ದಾರೆ. ಬಳಸುವ ರೀತಿ ಗೊತ್ತಿಲ್ಲದ ಕೈಗಳು ಎಳೆದೆಳೆದು ಅದರ ಕಬ್ಬಿಣದ ಕೀಲನ್ನೇ ಮೊದಲು ಕೆಡಿಸುತ್ತವೆ. ಅದರ ಬದಲು ನಾನು ಸೂಚಿಸುವುದು ನಮ್ಮ ಹಳೆಯ ದಿವಾನ, ಅಂದರೆ ಕೂರಲೂ ಮಲಗಲೂ ಆಗುವ ಮಂಚ. ಇಂದಿರಾನಗರದ ಆ ಮನೆಗೂ ಕೊನೆಗೆ ಎರಡು ಆಸನದ ಸಣ್ಣ ಸೋಫಾ, ಕಿಟಕಿಯ ಪಕ್ಕ ಆರೂಕಾಲು ಅಡಿಯ ದಿವಾನ ಮಾಡಿಕೊಟ್ಟೆ. ಎಲ್ಲ ಕವರಿಗೂ ಜಿಪ್ ಇದೆ. ಮೊನ್ನೆ ಕಾಫಿ ಚೆಲ್ಲಿದಾಗ ಮನೆ ಗುಡಿಸಲು ಬರುವ ಅಮ್ಮ ಹತ್ತು ನಿಮಿಷದಲ್ಲಿ ಕವರ್ ಬದಲಿಸಿದರಂತೆ, ನನಗೆ ಫೋನ್ ಬಂದದ್ದು ಮರುದಿನ.