ಗಾಳಿಗಿರಣಿಯ ಮೇಲಿನ ಬಿರುಕು ಆಕಾಶ

ಡಚ್ ಚಿತ್ರಕಾರ ರೆಂಬ್ರಾಂಟ್ 1641ರಲ್ಲಿ ಮಾಡಿದ ಗಾಳಿಗಿರಣಿಯ ಅಚ್ಚುಚಿತ್ರ ತುಂಬ ಚಿಕ್ಕದು. ಸುಮಾರು 14 ಸೆಂ.ಮೀ. ಎತ್ತರ, 21 ಸೆಂ.ಮೀ. ಅಗಲ, ಒಂದು ಸಣ್ಣ ನೋಟ್‌ಬುಕ್ಕಿನಷ್ಟು. ನಮ್ಮ ಕಣ್ಣು ಸೀದಾ ಗಿರಣಿಯ ರೆಕ್ಕೆಗಳಿಗೇ ಹೋಗುತ್ತದೆ. ನಾನು ಮಾತ್ರ ಅದರ ಆಕಾಶ ನೋಡಿ ಅಂತೀನಿ.

ಮೊದಲು ಗಿರಣಿಯ ಕಥೆ ಹೇಳಿಬಿಡುತ್ತೇನೆ. ಇದು ರೆಂಬ್ರಾಂಟ್‌ನ ಅಪ್ಪನ ಗಿರಣಿ ಅಂತ ಹಿಂದೆ ಜನ ನಂಬಿದ್ದರು. ಅಪ್ಪ ಲೈಡನ್‌ ಊರಿನಲ್ಲಿ ಗಿರಣಿ ನಡೆಸುತ್ತಿದ್ದದ್ದೂ ನಿಜ. ಆದರೆ ಚಿತ್ರದಲ್ಲಿರುವುದು ಆಮ್‌ಸ್ಟರ್‌ಡ್ಯಾಮ್‌ನ ಕೋಟೆಗೋಡೆಯ ಮೇಲಿದ್ದ ಗಿರಣಿ, ಚರ್ಮದ ಕೆಲಸದವರ ಸಂಘದ್ದು. ಚರ್ಮ ಮೆತ್ತಗಾಗಲೆಂದು ಅವರು ಕಾಡ್ ಎಂಬ ಮೀನಿನ ಲಿವರ್‌ನ ಎಣ್ಣೆ ಬಳಸುತ್ತಿದ್ದರು. ವಾಸನೆ ಹೇಗಿದ್ದೀತು! ಅದಕ್ಕಿದ್ದ ಹೆಸರೇ ‘ಚಿಕ್ಕ ನಾತದ ಗಿರಣಿ’.

ಈಗ ಆಕಾಶ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲಿ ಮೋಡ ಇಲ್ಲ, ಕೂದಲಿನಷ್ಟು ಸಣ್ಣ ಬಿರುಕುಗಳ ಬಲೆ ಇದೆ. ಒಣಗಿದ ಕೆರೆಯ ತಳದ ಹಾಗೆ. ಯಾರೂ ಕೈಯಿಂದ ಗೀಚಿದ ಗೆರೆಗಳಲ್ಲ ಅವು.

ಈ ಬಗೆಯ ಅಚ್ಚುಚಿತ್ರಕ್ಕೆ ಎಚ್ಚಿಂಗ್ ಅಂತಾರೆ. ಇದನ್ನು ಮಾಡುವವರು ತಾಮ್ರದ ತಗಡಿಗೆ ಮೇಣ, ರಾಳ ಬೆರೆಸಿದ ತೆಳು ಲೇಪ ಹಚ್ಚುತ್ತಾರೆ. ಸೂಜಿಯಿಂದ ಲೇಪ ಕೆರೆದು ಚಿತ್ರ ಬರೆಯುತ್ತಾರೆ. ಆಮೇಲೆ ತಗಡು ಆಮ್ಲಕ್ಕೆ. ಲೇಪ ಇದ್ದ ಕಡೆ ಆಮ್ಲ ಮುಟ್ಟುವುದಿಲ್ಲ, ಕೆರೆದ ಕಡೆ ಮಾತ್ರ ತಾಮ್ರ ಕರಗಿ ಸಣ್ಣ ಕಾಲುವೆ ಬೀಳುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಕಾಲುವೆ ಆಳ, ಗೆರೆ ಕಪ್ಪು. ಕಾಲುವೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ ರೋಲರ್ ಕೆಳಗೆ ಒತ್ತುತ್ತಾರೆ. ಚಿತ್ರ ಎಡ ಬಲ ತಿರುಗಿ ಬರುತ್ತದೆ. ಹಾಗಾಗಿ ಸಹಿಯನ್ನು ತಗಡಿನ ಮೇಲೆ ಉಲ್ಟಾ ಬರೆಯಬೇಕು, ಇಲ್ಲಿ ರೆಂಬ್ರಾಂಟ್ ಹಾಗೇ ಬರೆದಿದ್ದಾನೆ.

ಗಾಳಿಗಿರಣಿಯ ತಗಡಿನಲ್ಲಿ ಆಕಾಶದ ಕಡೆ ಲೇಪವೇ ಸೀಳಿತು. ಆ ಸೀಳುಗಳೊಳಗೆ ಆಮ್ಲ ನುಗ್ಗಿ, ಬರೆಯದ ಚಿತ್ರವೊಂದನ್ನು ತಾಮ್ರದಲ್ಲಿ ಬರೆದುಬಿಟ್ಟಿತು. ತಾಮ್ರವನ್ನು ಉಜ್ಜಿ ಅಳಿಸಬಹುದಿತ್ತು, ಅವನು ಅಳಿಸಲಿಲ್ಲ. ಒಳ್ಳೆಯದೇ ಆಯಿತು ಅನಿಸುತ್ತದೆ ನನಗೆ. ಬರೀ ಬಿಳಿ ಕಾಗದವಾಗಿದ್ದರೆ ಆ ಆಕಾಶದಲ್ಲಿ ಗಾಳಿಯೇ ಇರುತ್ತಿರಲಿಲ್ಲ, ಅಲ್ವಾ?

ತಾಮ್ರ ಮೆತ್ತಗಿನ ಲೋಹ. ಪ್ರತಿ ಸಲ ಒತ್ತಿದಾಗಲೂ ತುಸು ಸವೆಯುತ್ತದೆ, ಆಳವಿಲ್ಲದ ಗೆರೆಗಳು ಮೊದಲು ಮಾಸುತ್ತವೆ. ಅದಕ್ಕೇ ಅಚ್ಚುಚಿತ್ರ ಬಲ್ಲವರು ಚಿತ್ರದ ಒಂದು ಪ್ರತಿ ಕೈಗೆ ಸಿಕ್ಕರೆ ಮೊದಲು ಹುಡುಕುವುದು ಇಂಥ ನವಿರು ಗೆರೆಗಳನ್ನೇ. ಅವು ಚೂಪಾಗಿದ್ದರೆ ತಗಡು ಇನ್ನೂ ಹೊಸದಾಗಿದ್ದಾಗ ಅಚ್ಚಾದದ್ದು ಅಂತ ಲೆಕ್ಕ.